ಸೋತಾಗ ಬರುವ ಹಾಡು ನನ್ನದು

ನಗುವ ಸಂಗತಿಗಳು ನನ್ನ ಮನೆಗೆ ಯಾವತ್ತೂ ಹೊತ್ತು ಗೊತ್ತು ನೋಡಿ ಬಂದಿಲ್ಲ. ಅತ್ತು ಮುಗಿಯುವ ಮುಂಚೆಯೇ ಬಾಗಿಲು ತಟ್ಟುತ್ತವೆ, ಒಳಗೆ ಬಂದು ಕೂತುಬಿಡುತ್ತವೆ, ಹೋಗು ಅಂದರೂ ಹೋಗುವುದಿಲ್ಲ. ಹೆಂಡತಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲಂತೂ ಇವುಗಳ ಕಾಟ ಹೆಚ್ಚಾಗಿದೆ. ನಾನು ಹುಟ್ಟಿನಿಂದಲೇ ಮೋರೆ ಇಳಿಬಿಟ್ಟ ಮನುಷ್ಯ. ನಮ್ಮ ಮದುವೆಯ ಫೋಟೋದಲ್ಲಿ ಕೂಡ ಯಾರನ್ನೋ ಮಣ್ಣು ಮಾಡಿ ಬಂದವನ ಹಾಗೆ ನಿಂತಿದ್ದೇನೆ. ಇಂಥವನ ಪಾಲಿಗೇ ಇವೆಲ್ಲ ಯಾಕೆ ಬರುತ್ತವೋ ತಿಳಿಯದು. ಬಂದದ್ದನ್ನು ಬಂದ ಹಾಗೆ ಬರೆದಿದ್ದೇನೆ. ನಗುವವರು ನಗಲಿ, ನನಗೇನೂ ಬೇಜಾರಿಲ್ಲ.

೧. ಕೆಲಸ ಖಾಯಂ ಆದದ್ದು

ನಾನು ಮೂಲದಲ್ಲಿ ಪೇಟಿ ಮಾಸ್ತರ. ಪೇಟಿ ಅಂದರೆ ಹಾರ್ಮೋನಿಯಂ. ಬಬಲೇಶ್ವರ, ನಿಡೋಣಿ, ಕಾಖಂಡಕಿ ಕಡೆಯ ಊರವರು ನಾಟಕ ಆಡಿದರೆ ರಂಗದ ಮುಂದೆ ಪೇಟಿ ಇಟ್ಟುಕೊಂಡು ಕೂರುತ್ತಿದ್ದವನು ನಾನೇ. ಹಳ್ಳಿಯ ನಾಟಕದಲ್ಲಿ ಪೇಟಿ ಮಾಸ್ತರನಿಗೆ ಕೈಗಿಂತ ಕಣ್ಣು ಚುರುಕಾಗಿರಬೇಕು. ರಾಜನ ಪಾರ್ಟಿನವನು ಮಾತು ಮರೆತು ನಿಂತರೆ ಅವನಿಗೆ ನೆನಪಾಗುವ ತನಕ ಸುರ ಎಳೆಯಬೇಕು. ಕತ್ತಿ ಒರೆಯಲ್ಲಿ ಸಿಕ್ಕಿಕೊಂಡರೆ ಅದು ಹೊರಗೆ ಬರುವ ತನಕ ಯುದ್ಧದ ಗತ್ತು ಬಾರಿಸುತ್ತಲೇ ಇರಬೇಕು.

ಮೈಸೂರಿನ ಒಂದು ಮೊಬೈಲ್ ಆಟದ ಕಂಪನಿಗೆ ಬೇಕಾಗಿದ್ದದ್ದು ಇದೇ. ಆಡುವವರ ಸ್ಥಿತಿ ನೋಡಿ ಹಿನ್ನೆಲೆಯ ಸಂಗೀತ ತಾನಾಗಿ ಬದಲಾಗಬೇಕು. ಆದರೆ ಒಂದೊಂದು ಫೋನಿನ ಮುಂದೂ ಒಬ್ಬೊಬ್ಬ ಪೇಟಿ ಮಾಸ್ತರನನ್ನು ಕೂರಿಸಲು ಆಗುವುದಿಲ್ಲವಲ್ಲ. ಅದಕ್ಕೆ ನಾನು ಎಂಟೆಂಟು ಸೆಕೆಂಡಿನ ತುಂಡುಗಳನ್ನು ಬಾರಿಸಿ ಕಳಿಸಬೇಕು. ಯಾವ ತುಂಡಿನ ಹಿಂದೆ ಯಾವುದು ಬರಬೇಕೆಂದು ಕಂಪ್ಯೂಟರು ಚೀಟಿ ಎತ್ತುತ್ತದೆ. ಹೀಗಾಗಿ ಒಮ್ಮೆ ಕೇಳಿದ್ದು ಇನ್ನೊಮ್ಮೆ ಅದೇ ಥರ ಕೇಳುವುದಿಲ್ಲ.

ಆಟ ಸರಳವಾದದ್ದು. ತೆನೆ ತುಂಬಿದ ಜೋಳದ ಹೊಲ, ನಡುವೆ ಒಂದು ಅಟ್ಟ. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಬೇಕು. ಹೆಬ್ಬೆರಳನ್ನು ಪರದೆಯ ಮೇಲೆ ಎಳೆದರೆ ಕಲ್ಲು ಹಾರುತ್ತದೆ. ಹಕ್ಕಿ ಹೆಚ್ಚಾದರೆ ಸಂಗೀತ ಓಡುತ್ತದೆ, ಸುಮ್ಮನೆ ಕೂತರೆ ತೆಳ್ಳಗಾಗುತ್ತದೆ. ಬೆಳೆ ಉಳಿದರೆ ಗೆದ್ದ ಸಂಗೀತ, ಹಕ್ಕಿ ತಿಂದು ಮುಗಿಸಿದರೆ ಸೋತ ಸಂಗೀತ.

ಮೊದಲು ನನ್ನಿಂದ ಗೆದ್ದ ಸಂಗೀತವನ್ನೇ ಮಾಡಿಸಿದರು. ವಾರದೊಳಗೆ ಅಲ್ಲಿಯ ಮೇಡಂ ಫೋನ್ ಮಾಡಿದಳು.

"ಸರ್, ತುಂಬಾ ಚೆನ್ನಾಗಿದೆ. ಆದ್ರೆ ಕೊಟ್ಟು ನೋಡಿದ್ವಿ, ಗೆದ್ದವರೆಲ್ಲ ಆಟ ನಿಲ್ಲಿಸಿ ಅವರಮ್ಮಂಗೆ ಫೋನ್ ಮಾಡ್ತಾ ಇದ್ದಾರೆ."

"ಮಾಡವಲ್ರಾಕ ಬಿಡ್ರಿ. ಛಲೋನ ಆತಲ್ಲ."

"ಸರ್, ಅವರು ಆಟ ಆಡ್ಬೇಕು ಸರ್."

ಗೆದ್ದ ಸಂಗೀತ ಬೇರೆ ಯಾರಿಗೋ ಹೋಯಿತು. ಸೋತದ್ದನ್ನೂ ಸುಮ್ಮನೆ ಕೂತದ್ದನ್ನೂ ನನಗೆ ಖಾಯಂ ಮಾಡಿದರು. "ನಿಮಗೆ ಅದು ತುಂಬಾ ಸಹಜವಾಗಿ ಬರುತ್ತೆ ಸರ್" ಅಂದಳು ಮೇಡಂ. ಹೊಗಳಿದಳೋ ಬೈದಳೋ ಇವತ್ತಿಗೂ ಗೊತ್ತಾಗಿಲ್ಲ.

೨. ಸಮ್ಮಿಗೆ ಬಾರದವನು

ಬಬಲೇಶ್ವರದಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ತಬಲಾ ಬಾರಿಸಿದ ಗೆಳೆಯನೊಬ್ಬನಿದ್ದಾನೆ. ನಾಟಕಗಳು ಕಡಿಮೆಯಾದವು. ಇದ್ದಬದ್ದ ನಾಟಕಗಳಿಗೂ ಪೆನ್‌ಡ್ರೈವಿನ ಸಂಗೀತ ಬಂತು. ಅವನು ತಬಲಾಕ್ಕೆ ಹಳೆಯ ಧೋತರ ಸುತ್ತಿ ಮೂಲೆಗಿಟ್ಟ. ಒಂದು ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆಂದು ವಿಜಯಪುರಕ್ಕೆ ಬಂದವನು ಅಥಣಿ ರಸ್ತೆಯ ನಮ್ಮ ಮನೆಗೂ ಬಂದ. ನನ್ನ ಹೊಸ ಕೆಲಸ ಏನೆಂದು ನೋಡಬೇಕಿತ್ತು ಅವನಿಗೆ. ಕಂಪನಿಯವರು ತಬಲಾ ಬೇಡವೆಂದಿದ್ದರು. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ, ಚಹಾ ಕೊಟ್ಟು ಸಂಗೀತ ಹಚ್ಚಿದೆ.

ಅವನು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದ. ತಬಲಾದವರಿಗೆ ಸಮ್ ಅಂದರೆ ತಾಳದ ಮೊದಲ ಪೆಟ್ಟು. ಎಲ್ಲಿ ಹೋದರೂ ಕೊನೆಗೆ ಅಲ್ಲಿಗೆ ಬಂದು ಸೇರಬೇಕು. ಇನ್ನೇನು ಸಮ್ ಬಂತು ಅನ್ನುವಷ್ಟರಲ್ಲಿ ಕಂಪ್ಯೂಟರು ಬೇರೆ ತುಂಡು ಎತ್ತಿಕೊಂಡಿತು. ಅವನ ಕೈ ಗಾಳಿಯಲ್ಲೇ ನಿಂತಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು.

"ಲೇ, ಇಂವ ಯಾರಲೇ? ಸಮ್ಮಿಗೇ ಬರವಲ್ಲ."

"ಯಾರೂ ಅಲ್ಲೋ, ಯಂತ್ರ. ತನಗ ತಿಳದದ್ದು ಹಚ್ಚತೈತಿ."

"ಫೋನ್ ಹಚ್ಚು ಅಂವಗ. ನಾ ಮಾತಾಡ್ತೇನಿ."

"ಯಂತ್ರಕ್ಕ ಹೆಂಗ ಫೋನ್ ಹಚ್ಚಲೋ?"

ಅರ್ಧ ತಾಸು ಬಿಡಲಿಲ್ಲ. ಹಟಕ್ಕೆ ಬಿದ್ದು ಬೆನ್ನು ಹತ್ತಿದ. ಹಣೆಯಲ್ಲಿ ಬೆವರು ಬಂತು, ಚಹಾ ಆರಿತು. ಕೊನೆಗೆ ಕಣ್ಣು ತೆರೆದು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಕುಡದೈತೇನು?"

"ಇಲ್ಲಪಾ."

"ಅದಕ್ಕ ನೋಡು. ಒಂದೀಟ ಕುಡಸು. ನೀನೂ ಕುಡದ ಮ್ಯಾಲೇ ಸಮ್ಮಿಗೆ ಬರ್ತಿದ್ದಿ."

೩. ರಬ್ಬರ್ ಚೆಂಡು

ದಸರಾ ಮುಗಿದ ವಾರ ಹೆಂಡತಿ ತರಕಾರಿ ಹೆಚ್ಚುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಜೀವ ಉಳಿಯಿತು. ಕಾಲು ಎಳೆದುಕೊಂಡು ಬಚ್ಚಲಿನ ತನಕ ಹೋಗುವಷ್ಟಾಯಿತು. ಮಾತು ತುಂಡು ತುಂಡಾಗಿ ಬರತೊಡಗಿತು, ನನ್ನ ಸಂಗೀತದ ಹಾಗೆ. ಬಲಗೈ ಮಾತ್ರ ಬರಲಿಲ್ಲ. ಎತ್ತಿ ತೊಡೆಯ ಮೇಲಿಟ್ಟರೆ ಇಟ್ಟಲ್ಲೇ ಇರುತ್ತಿತ್ತು, ಯಾರೋ ನೆಂಟರು ಮರೆತು ಬಿಟ್ಟುಹೋದ ಚೀಲದ ಹಾಗೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಮೊದಲ ಆರು ತಿಂಗಳಲ್ಲಿ ಬೆರಳು ಆಡಿದರೆ ಆಡಿದವು, ಆಮೇಲೆ ಆಸೆ ಕಡಿಮೆ ಎಂದರು. ಅವತ್ತೇ ಮನೆಗೆ ಬಂದು ಗೋಡೆಯ ಕ್ಯಾಲೆಂಡರನ್ನು ಹಿಂದುಮುಂದಾಗಿ ತಿರುಗಿಸಿ ನೇತುಹಾಕಿದೆ.

ಬೆರಳಿನ ವ್ಯಾಯಾಮ ಮಾಡಿಸಲು ಫಿಜಿಯೋ ಮೇಡಂ ಬರತೊಡಗಿದರು. ಸಿಂದಗಿ ಕಡೆಯವರು, ಗಟ್ಟಿ ದನಿಯ ಹೆಣ್ಣುಮಗಳು. ಮೆತ್ತನೆಯ ಒಂದು ರಬ್ಬರ್ ಚೆಂಡು ಕೊಟ್ಟು, "ಅಕ್ಕಾರ, ದಿನಕ್ಕ ನೂರು ಸಲ ಇದನ್ನ ಹಿಚುಕ್ರಿ" ಅಂದರು. ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಆ ಚೆಂಡನ್ನು ಎಡಗೈಯಲ್ಲಿ ಎತ್ತಿ ಕಿಟಕಿಯಿಂದ ಹೊರಗೆ ಒಗೆದಳು. ಓಣಿಯ ನಾಯಿ ಕಚ್ಚಿಕೊಂಡು ಹೋಯಿತು. ಎರಡನೆಯ ಚೆಂಡೂ ಹೋಯಿತು. ಮೂರನೆಯದನ್ನು ಒಗೆಯುವ ಮೊದಲೇ ನಾಯಿ ಕಿಟಕಿಯ ಕೆಳಗೆ ಬಂದು ಕೂತಿತ್ತು.

ಹದಿನೈದು ದಿನಕ್ಕೆ ಮೇಡಂ ಬಂದು ಬೆರಳು ಮಡಿಚಿ ಬಿಚ್ಚಿ ನೋಡಿ ಮುಖ ಗಂಟಿಕ್ಕಿದರು.

"ಏನೂ ಸುಧಾರಿಸಿಲ್ಲಲ್ರಿ ಅಕ್ಕಾರ. ಚೆಂಡ ಹಿಚುಕಾಕತ್ತೀರೋ ಇಲ್ಲೋ?"

ಹೆಂಡತಿ ಕಿಟಕಿಯ ಕಡೆ ಕೈ ತೋರಿಸಿದಳು.

"ನಾಯಿದು... ದವಡಿ... ಭಾಳ ಸುಧಾರಿಸೈತಿ."

೪. ಬುತ್ತಿ ಬಂದದ್ದು

ಚೆಂಡಿನ ದಾರಿ ಮುಚ್ಚಿದ ಮೇಲೆ ನನ್ನ ಆಟವನ್ನೇ ಅವಳ ಫೋನಿಗೆ ಹಾಕಿಕೊಟ್ಟೆ. ಎಡಗೈಯ ಆಸರೆ ಕೊಟ್ಟಾದರೂ ಬಲಗೈ ಹೆಬ್ಬೆರಳಿನಿಂದಲೇ ಕಲ್ಲು ಬೀಸಬೇಕೆಂದು ಆಣೆ ಮಾಡಿಸಿಕೊಂಡೆ. ಆಶ್ಚರ್ಯವೆಂದರೆ ಅವಳು ಒಪ್ಪಿದಳು. ಆದರೆ ಎದುರಿಗೆ ಯಾರೂ ಇರಬಾರದು. ಬಾರದ ಕೈಯನ್ನು ಯಾರಾದರೂ ನೋಡುವುದು ಅವಳಿಗೆ ಸೇರದು. ಹಾಗಾಗಿ ನಾನು ಪಕ್ಕದ ಕೋಣೆಯಲ್ಲಿ ಪೇಟಿಯ ಮುಂದೆ ಕೂತು ಗೋಡೆಗೆ ಕಿವಿ ಕೊಡುತ್ತಿದ್ದೆ. ನೋಡುವುದು ಬೇಕಿರಲಿಲ್ಲ. ಸಂಗೀತ ತೆಳ್ಳಗಾದರೆ ಫೋನ್ ಎದೆಯ ಮೇಲಿಟ್ಟುಕೊಂಡು ಮಲಗಿದ್ದಾಳೆ. ಓಡಿದರೆ ಹಕ್ಕಿ ಬಂದಿವೆ. ಆಮೇಲೆ ನಾನು ಕೀಬೋರ್ಡಿನಲ್ಲಿ ಬಾರಿಸಿ ಸೇರಿಸಿದ ಶಹನಾಯಿಯ ಎಳೆತ, ಪೇಟಿಯ ಕೋಮಲ ಸುರಗಳು. ಸೋತಳು. ದಿನವೆಲ್ಲ ಅದೇ. ಅಟ್ಟ ಹತ್ತುವುದು, ಇಳಿಯುವುದು. ಮನೆ ತುಂಬ ನಾನು ಮಾಡಿದ ಅಳುವೇ ತುಂಬಿಕೊಂಡಿತು.

ನಮ್ಮದು ಹೊಸ ಬಡಾವಣೆ, ಒಬ್ಬರ ಪರಿಚಯ ಒಬ್ಬರಿಗೆ ಇನ್ನೂ ಆಗಿಲ್ಲ. ಪಕ್ಕದ ಮನೆಗೆ ಆಗಷ್ಟೇ ಒಂದು ಕುಟುಂಬ ಬಂದಿತ್ತು. ಆ ಮನೆಯ ಹೆಣ್ಣುಮಗಳು ಎರಡು ದಿನ ಈ ಸಂಗೀತ ಕೇಳಿದ್ದಾಳೆ. ಮೂರನೆಯ ದಿನ ಮಧ್ಯಾಹ್ನ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಿಗೆ ಬಂದಳು. ಕೈಯಲ್ಲಿ ದೊಡ್ಡ ಬುತ್ತಿ. ಜೋಳದ ರೊಟ್ಟಿ, ಪುಂಡಿ ಪಲ್ಯೆ, ಮೊಸರು. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತಂದು ಕೊಡುತ್ತಾರೆ. ಅದು ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಅಡುಗೆ ಮಾಡುವವಳ ಕೈ ಬಿದ್ದದ್ದು ಕೇಳಿ ತಂದಿರಬೇಕು, ಎಂಥ ಒಳ್ಳೆಯ ಮಂದಿ ಅಂದುಕೊಂಡೆ.

"ಯಾವಾಗ ಆತ್ರಿ ಅಣ್ಣಾರ?" ಅಂದಳು ಮೆಲ್ಲಗೆ.

"ದಸರಾ ಆದ ವಾರಕ್ಕ್ರಿ."

ಅವಳ ಕಣ್ಣು ದೊಡ್ಡವಾದವು. ಆಗ ದೀಪಾವಳಿ ಮುಗಿದು ಹದಿನೈದು ದಿನವಾಗಿತ್ತು.

"ಇನ್ನೂ... ಮನ್ಯಾಗ ಇಟ್ಕೊಂಡೀರೇನ್ರಿ?"

"ಮತ್ತ ಎಲ್ಲಿ ಕಳಸ್ಲಿ ತಂಗಿ? ಕಟ್ಕೊಂಡಾಕಿ ಅಲ್ಲೇನು?"

ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ಯಾರ್ರೀ... ಅದು?" ಅಂದಳು. ಬುತ್ತಿ ನನ್ನ ಕೈಗೆ ಬಂತೋ ನಾನೇ ಹಿಡಿದೆನೋ, ಆ ತಾಯಿ ಮಾತ್ರ ಅಂಗಳದಲ್ಲಿ ಇರಲಿಲ್ಲ. ಆಮೇಲೆ ಅವಳ ಗಂಡ ಬಂದು ನಾಚಿಕೊಂಡು ವಿಷಯ ಹೇಳಿದಾಗಲೇ ನನಗೆ ತಿಳಿದದ್ದು. ಒಳಗೆ ಹೋಗಿ ಹೆಂಡತಿಗೆ ಹೇಗೆ ಹೇಳುವುದೆಂದು ಒದ್ದಾಡಿ ಹೇಳಿಯೇ ಬಿಟ್ಟೆ. ಅವಳು ಎಡಗೈಯಲ್ಲಿ ರೊಟ್ಟಿ ಮುರಿದು ಪಲ್ಯೆ ಹಚ್ಚಿ ಬಾಯಿಗಿಟ್ಟುಕೊಂಡು, ನಿಧಾನಕ್ಕೆ ಅಗಿದು ನುಂಗಿ ಹೇಳಿದಳು:

"ಪಲ್ಯೆ ಛಲೋ ಆಗೈತಿ. ದಿನಾ... ಸಾಯ್ತಾಳ... ಅಂತ ಹೇಳ್ರಿ."

೫. ದ್ರಾಕ್ಷಿ ತೋಟದಲ್ಲಿ

ಹೆಂಡತಿಯ ಅಣ್ಣನದು ತಿಕೋಟಾದ ಹತ್ತಿರ ದ್ರಾಕ್ಷಿ ತೋಟ. ಗೊನೆ ಹಣ್ಣಾಗುವ ಹೊತ್ತಿಗೆ ಹಕ್ಕಿಗಳ ಕಾಟ ಹೇಳತೀರದು. ತಾಟು ಬಡಿದ, ಪಟಾಕಿ ಹಾರಿಸಿದ, ಹೊಳೆಯುವ ಪಟ್ಟಿ ಕಟ್ಟಿದ. ಯಾವ ಸದ್ದೂ ನಾಲ್ಕು ದಿನ. ಐದನೆಯ ದಿನ ಹಕ್ಕಿಗಳಿಗೆ ಅದು ರೂಢಿಯಾಗಿಬಿಡುತ್ತದೆ.

ತಂಗಿಯನ್ನು ನೋಡಲು ಬಂದವನು ಪಡಸಾಲೆಯಲ್ಲಿ ಕೂತು ಅವಳ ಫೋನಿನ ಸಂಗೀತ ಕೇಳುತ್ತ ಕೇಳುತ್ತ ಒಮ್ಮೆಲೇ ಎದ್ದು ನನ್ನ ಕೋಣೆಗೆ ಬಂದ.

"ಮಾಸ್ತರ್ರ, ಇದು ಒಮ್ಮೆ ಬಂದಂಗ ಇನ್ನೊಮ್ಮೆ ಬರಂಗಿಲ್ಲಂತ, ಖರೇ ಏನ್ರಿ?"

"ಖರೇ."

"ಹಂಗಾರ ಹಕ್ಕಿಗೆ ರೂಢಿ ಆಗೂದ ಹೆಂಗ? ಕೊಡ್ರಿ ಇತ್ತಾಗ."

ಹಕ್ಕಿ ಓಡಿಸುವ ಆಟದ ಸಂಗೀತದಿಂದ ಹಕ್ಕಿಯನ್ನೇ ಓಡಿಸುವ ಯೋಚನೆ ನನಗೂ ಸರಿ ಅನ್ನಿಸಿತು. ನನ್ನ ಸಂಗೀತದಿಂದ ಯಾರಿಗಾದರೂ ಉಪಕಾರವಾಗಲಿ ಎಂಬ ಆಸೆಯೂ ಇತ್ತು. ಸೋತ ತುಂಡುಗಳನ್ನೆಲ್ಲ ಒಂದು ಹಳೆಯ ಫೋನಿಗೆ ಹಾಕಿ ಕೊಟ್ಟೆ. ಅವನು ತೋಟದ ನಾಲ್ಕು ಮೂಲೆಗೆ ಸ್ಪೀಕರ್ ಕಟ್ಟಿಸಿದ. ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ನಾನೇ ಫೋನ್ ಮಾಡಿದೆ.

"ಹಕ್ಕಿ ಹ್ವಾದ್ವೇನಪಾ?"

"ಹಕ್ಕಿ ಅದಾವ್ರಿ. ಹೆಣ್ಣಮಕ್ಕಳು ಹ್ವಾದ್ರು."

ಗೊನೆ ಕತ್ತರಿಸಲು ಬಂದ ಹೆಣ್ಣುಮಕ್ಕಳ ಕೈ ಮೊದಲ ದಿನ ಬರಬರುತ್ತ ನಿಧಾನವಾಯಿತಂತೆ. ಎರಡನೆಯ ದಿನ ಒಬ್ಬಳು ಸತ್ತ ಎಮ್ಮೆಯನ್ನು ನೆನೆದು ಕೂತುಬಿಟ್ಟಳು. ಅವಳನ್ನು ಸಮಾಧಾನ ಮಾಡಲು ಹೋದವಳು ತನ್ನ ಅತ್ತೆಯನ್ನು ನೆನೆದಳು, ಬದುಕಿದ್ದಾಗ ಒಂದು ದಿನವೂ ಮಾತಾಡಿಸದ ಅತ್ತೆಯನ್ನು. ಮೂರನೆಯ ದಿನ ಅವರಲ್ಲಿ ಹಿರಿಯಳು, "ಸಾವ್ಕಾರ್ರ, ಯಾಕೋ ಜೀವ ನಿಲ್ಲವಲ್ದು, ನಿಡೋಣಿಗಿ ಹೋಗಿ ನಮ್ಮವ್ವನ್ನ ನೋಡ್ಕೊಂಡ ಬರ್ತೇನಿ" ಎಂದು ಕತ್ತರಿ ಕೆಳಗಿಟ್ಟಳು. ಹಿಂದೆಯೇ ಉಳಿದವರೂ ಹೊರಟರು.

"ಮತ್ತ ಹಕ್ಕಿ?"

"ತಂತಿ ಮ್ಯಾಲ ಸಾಲ ಹಿಡದ ಕುಂತು ಕೇಳಾಕತ್ತಾವ್ರಿ. ಮೊದಲಿನಕಿಂತ ಹೆಚ್ಚ ಆಗ್ಯಾವ. ಬಾಜೂ ತ್ವಾಟದಾಂವ ನಿಮಗ ನಮಸ್ಕಾರ ಹೇಳ್ಯಾನ."

೬. ಮನುಷ್ಯಳು ಹೌದೋ ಅಲ್ಲವೋ

ಆರನೆಯ ತಿಂಗಳು ನಡೆದಿತ್ತು. ಫಿಜಿಯೋ ಮೇಡಂ, "ಮಾಸ್ತರ್ರ, ಅಕ್ಕಾರ ಹೆಬ್ಬಟ್ಟಿಗೆ ಜೀವ ಬಂದಂಗ ಕಾಣತೈತ್ರಿ" ಎಂದು ಎರಡು ಸಲ ಹೇಳಿದ್ದರು. ನಾನು ನಂಬಲಿಲ್ಲ. ಧೈರ್ಯ ತುಂಬುವುದೂ ಅವರ ಕೆಲಸವಲ್ಲವೇ. ನನಗೆ ನನ್ನ ಕಿವಿಯೇ ಸಾಕ್ಷಿ. ಗೋಡೆಯ ಆಚೆ ದಿನವೆಲ್ಲ ಸೋಲು. ಒಂದು ಸಲ, ಬರೀ ಒಂದು ಸಲ ಆ ಬೇರೆಯವನ ಗೆದ್ದ ಸಂಗೀತ ಬರಲಿ ಎಂದು ಎಲ್ಲ ದೇವರಿಗೂ ಹರಕೆ ಹೊತ್ತಿದ್ದೆ. ಪೇಟಿಯವನೊಬ್ಬ ಇನ್ನೊಬ್ಬನ ಸಂಗೀತಕ್ಕೆ ಹರಕೆ ಹೊತ್ತದ್ದು ಅದೇ ಮೊದಲಿರಬೇಕು.

ಒಂದು ಬೆಳಿಗ್ಗೆ ಮೈಸೂರಿನ ಮೇಡಂ ಫೋನ್ ಮಾಡಿದಳು. ದನಿಯಲ್ಲಿ ಎಂದಿನ ನಗುವಿರಲಿಲ್ಲ.

"ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಹೆಸರಿನ ಖಾತೆಯಿಂದ ಯಾರೋ ಬೆಳಿಗ್ಗೆಯಿಂದ ಸಂಜೆವರೆಗೆ ಆಡ್ತಾರೆ. ಆಡಿದಾಗೆಲ್ಲ ಸೋಲ್ತಾರೆ. ತಿಂಗಳುಗಟ್ಟಲೆ! ಮನುಷ್ಯರಾದ್ರೆ ಇಷ್ಟೊತ್ತಿಗೆ ಬಿಟ್ಟು ಹೋಗ್ತಿದ್ರು ಸರ್. ನಿಮ್ಮ ಸಂಗೀತಾನೇ ಬರ್ತಾ ಇರ್ಲಿ ಅಂತ ನೀವೇ ಏನಾದ್ರೂ ಯಂತ್ರ ಇಟ್ಟಿದೀರಾ ಅಂತ ಇಲ್ಲಿ ಕೇಳ್ತಾ ಇದ್ದಾರೆ. ಖಾತೆ ಮುಚ್ಚಬೇಕು ಅಂತಿದಾರೆ."

ಹೆಂಡತಿಯ ಬೆರಳು ಆಡುವುದಾದರೆ ಆಡುವುದು ಇದೊಂದರಲ್ಲೇ, ಇದೂ ಹೋದರೆ ಏನು ಉಳಿಯಿತು? "ಯವ್ವಾ, ಅದು ಯಂತ್ರ ಅಲ್ಲ, ನನ್ನ ಹೇಂತಿ" ಎಂದೆ. ಲಕ್ವಾ ಹೊಡೆದದ್ದು, ಚೆಂಡು ನಾಯಿಯ ಪಾಲಾದದ್ದು, ಹೆಬ್ಬೆರಳಿನ ಆಣೆ, ಎಲ್ಲ ಹೇಳಿದೆ. ಆ ಹುಡುಗಿ ಬಹಳ ನೊಂದುಕೊಂಡಳು. ಆದರೂ ಮೇಲಿನವರಿಗೆ ತೋರಿಸಬೇಕಲ್ಲ.

"ಸರ್, ಒಂದೇ ಒಂದು ಕೆಲಸ. ವಿಡಿಯೋದಲ್ಲಿ ನಾನು ನೋಡ್ತಾ ಇರ್ತೀನಿ. ಅಮ್ಮ ಒಂದು ಸಲ ಗೆದ್ದು ತೋರಿಸ್ಲಿ. ಸೋಲೋಕೆ ಅಂತ ಇಟ್ಟ ಯಂತ್ರ ಗೆಲ್ಲಲ್ಲ ಅಲ್ವಾ."

"ಆಕಿಗೆ ಗೆಲ್ಲಾಕ ಆಗೂದಿಲ್ಲವ್ವಾ," ಎಂದೆ. "ಕೈಯಾಗ ಜೀವಾನ ಇಲ್ಲ. ಹೆಂಗ ಗೆಲ್ತಾಳ?"

ಮಂಚದ ಮೇಲಿದ್ದ ಹೆಂಡತಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಇತ್ತಾಗ... ತರ್ರಿ" ಅಂದಳು. ನನ್ನ ಫೋನಿನ ವಿಡಿಯೋವನ್ನು ಅವಳ ಕಡೆ ತಿರುಗಿಸಿ ಹಿಡಿದೆ. ಅವಳು ತನ್ನ ಫೋನನ್ನು ದಿಂಬಿಗೆ ಆನಿಸಿ, ಎಡಗೈಯಿಂದ ಬಲಗೈಯನ್ನು ಎತ್ತಿ ಪರದೆಯ ಮೇಲಿಟ್ಟಳು. ನಾನು ಕಣ್ಣು ಮುಚ್ಚಿದೆ. ಹಕ್ಕಿ ಬಂದವು, ಸಂಗೀತ ಓಡಿತು. ಇನ್ನೇನು ನನ್ನ ಶಹನಾಯಿ ಬರುತ್ತದೆಂದು ಕಾದೆ. ಬರಲಿಲ್ಲ. ಸಂಗೀತ ಇನ್ನೂ ಜೋರಾಗಿ ಓಡಿತು. ಕಣ್ಣು ಬಿಟ್ಟು ನೋಡಿದರೆ ಆ ಹೆಬ್ಬೆರಳು ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಹಕ್ಕಿಯನ್ನು ಆರಿಸಿ ತೆಗೆಯುತ್ತಿದೆ. ಉಳಿದ ನಾಲ್ಕು ಬೆರಳು ಸತ್ತಂತೆ ಬಿದ್ದಿವೆ, ಹೆಬ್ಬೆರಳು ಮಾತ್ರ ನಿಂತಲ್ಲಿ ನಿಲ್ಲುತ್ತಿಲ್ಲ. ಒಂದು ತೆನೆಯೂ ಹೋಗಲಿಲ್ಲ. ಡೋಲು, ಕಹಳೆ, ಚಪ್ಪಾಳೆ. ಯಾರದೋ ಮದುವೆಯ ಬ್ಯಾಂಡು ದಾರಿ ತಪ್ಪಿ ನಮ್ಮ ಮನೆಗೆ ನುಗ್ಗಿದಂತೆ ಗೆದ್ದ ಸಂಗೀತ ಮೊಳಗಿತು.

ಹೆಂಡತಿ ಮುಖ ಕಿವುಚಿ ಅದನ್ನು ಬಂದ್ ಮಾಡಿದಳು.

"ಅಮ್ಮಾ!" ಎಂದು ಆ ಕಡೆಯಿಂದ ಹುಡುಗಿ ಕೂಗಿದಳು. "ಇಷ್ಟು ಚೆನ್ನಾಗಿ ಆಡ್ತೀರಲ್ಲ, ಮತ್ತೆ ದಿನಾ ಯಾಕೆ ಸೋಲ್ತೀರಿ?"

"ಗೆದ್ರ... ಬ್ಯಾರೇದವರ ಹಾಡ ಬರ್ತೈತಿ. ಸೋತ್ರ... ನಮ್ಮನಿಯವರದು. ಒಂದೊಂದ ಸಲ... ಒಂದೊಂದ ಥರ." ಉಸಿರು ತೆಗೆದುಕೊಂಡಳು. "ಮದುವಿ ಆದಾಗಿಂದ... ಊರಿಗೆಲ್ಲಾ ಬಾರಸ್ಯಾರ. ನಾ ಕೇಳಿದ್ದು... ಈಗ."

ಹುಡುಗಿ, ಖಾತೆ ಮುಚ್ಚುವುದಿಲ್ಲ ಸರ್ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಹೆಬ್ಬೆರಳು ಬಂದು ಎಷ್ಟು ದಿನವಾಯಿತೆಂದು ಕೇಳಿದೆ. ಸಂಕ್ರಾಂತಿಗೇ ಬಂದಿತ್ತಂತೆ. ಉಳಿದ ಬೆರಳು ಬರಲಿಲ್ಲ, ಬರಲಿಕ್ಕಿಲ್ಲ ಎಂಬುದೂ ಅವಳಿಗೆ ಗೊತ್ತು. ಬಂದ ಒಂದು ಬೆರಳನ್ನು ಅವಳು ಸೋಲುವುದಕ್ಕೆ ಬಳಸಿಕೊಂಡಿದ್ದಳು. ನನಗೆ ಸಿಟ್ಟು ಬಂತು, ಸಂತೋಷವೂ ಆಯಿತು, ಯಾವುದು ಎಷ್ಟೆಂದು ತಿಳಿಯಲಿಲ್ಲ. ಮಂಚದ ತುದಿಗೆ ಕೂತು ಆ ಬಲಗೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡೆ.

"ಒಂದ ಮಾತ ಹೇಳಬಾರದಿತ್ತೇನ? ನೀ ಸೋತಾಗೊಮ್ಮೆ ನಾ ಆ ಕೋಣ್ಯಾಗ ಕುಂತು, ಟವೆಲ್ ಬಾಯಿಗೆ ಹಿಡಕೊಂಡು..."

ಹೆಗಲ ಮೇಲಿನ ಟವೆಲ್ಲನ್ನು ತೋರಿಸಿದೆ.

"ಗೊತ್ತೈತಿ," ಅಂದಳು. "ಕೇಳ್ತಿತ್ತ."

"ಏನ್ ಕೇಳ್ತಿತ್ತ?"

"ನೀವು... ಅಳೂದು." ಹೆಬ್ಬೆರಳು ನನ್ನ ಅಂಗೈಯನ್ನು ಮೆಲ್ಲಗೆ ಒತ್ತಿತು. "ಸುರದಾಗ... ಇದ್ದಿಲ್ಲ."